ಉಸುಕು ತುಂಬಿದ ಫ್ಯೂಜು

ನನ್ನಷ್ಟು ಕಿಡಿ ಹಾರಿಸಿದ ಮನುಷ್ಯ ಇಡೀ ಕಲಬುರಗಿಯಲ್ಲಿ ಇನ್ನೊಬ್ಬನಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದು ಬರೆಯಲು ಹೊರಟಿದ್ದೆ. ಆದರೆ ಜಂಬಕ್ಕೇ ಹೇಳುತ್ತಿದ್ದೇನೆ, ಈ ವಯಸ್ಸಿನಲ್ಲಿ ಸುಳ್ಳು ಯಾಕೆ.

ರೋಜಾ ದರ್ಗಾಕ್ಕೆ ಹೋಗುವ ರಸ್ತೆಯಲ್ಲಿ ನಮ್ಮ ಬ್ಯಾಟರಿ ಅಂಗಡಿ ಇತ್ತು. ಲಾರಿ, ಜೀಪು, ಟ್ರ್ಯಾಕ್ಟರುಗಳ ಬ್ಯಾಟರಿಗಳಿಗೆ ಚಾರ್ಜು ಹಾಕುವುದು, ಸತ್ತ ಪ್ಲೇಟು ಬದಲಿಸುವುದು, ಉರುಸಿನ ದಿನಗಳಲ್ಲಿ ಧ್ವನಿವರ್ಧಕದವರಿಗೆ ಬಾಡಿಗೆಗೆ ಬ್ಯಾಟರಿ ಕೊಡುವುದು ನಮ್ಮ ಕೆಲಸ. ಎಂಬತ್ತರ ದಶಕದಲ್ಲಿ ನಾನು ಅಲ್ಲಿ ಕೆಲಸಗಾರ, ಆಮೇಲೆ ಅದರ ಮಾಲಕ. ಯಾರಾದರೂ ಬ್ಯಾಟರಿ ತಂದು, 'ಇದರಾಗ ಜೀವ ಅದ ಏನು ನೋಡ್ರಿ' ಎಂದರೆ ಸಾಕು, ನಾನು ನಟ್ಟು ಬಿಚ್ಚುವ ಪಾನಾ ತೆಗೆದುಕೊಂಡು ಅದರ ಎರಡೂ ತುದಿಗೆ ಒಂದು ಕ್ಷಣ ತಾಗಿಸುತ್ತಿದ್ದೆ. ಚಟ್ ಎಂದು ಕಿಡಿ ಹಾರುತ್ತಿತ್ತು. ಗಿರಾಕಿ ಒಂದು ಗಜ ಹಿಂದಕ್ಕೆ, ಅವನ ಚಹಾ ಅವನ ಅಂಗಿಯ ಮೇಲೆ. ಆಮೇಲೆ ನಾನು ಮುಖ ಗಂಟು ಹಾಕಿಕೊಂಡು ಹೇಳುವುದು: 'ಜೀವ ಅದ್ರಿ. ನಿಮ್ದೂ ಅದ.'

ಇನ್ನೊಂದು ಆಟ ಇದಕ್ಕಿಂತ ಭಾರಿ. ದೊಡ್ಡ ಮೀಸೆಯ ಲಾರಿ ಡ್ರೈವರುಗಳನ್ನು ಆರಿಸಿಕೊಂಡು, 'ಎರಡೂ ಕೈಲೆ ಈ ಎರಡು ತುದಿ ಹಿಡೀರಿ ನೋಡೋಣ' ಎನ್ನುತ್ತಿದ್ದೆ. ಈಗಷ್ಟೇ ಕಿಡಿ ಹಾರಿದ ಜಾಗ. ಅವರು ದೇವರ ಹೆಸರು ಹೇಳಿ, ಕಣ್ಣು ಮುಚ್ಚಿ ಹಿಡಿಯುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಹನ್ನೆರಡು ವೋಲ್ಟು ಒಣ ಕೈಯನ್ನು ದಾಟಿ ಒಳಗೆ ಹೋಗುವುದಿಲ್ಲ. ಇಡೀ ಅಂಗಡಿ ನಗುತ್ತಿತ್ತು, ಮೀಸೆಯೂ ನಗುತ್ತಿತ್ತು.

ನಗದೆ ಇರುತ್ತಿದ್ದವರು ಒಬ್ಬರೇ, ನಮ್ಮ ಉಸ್ತಾದರು. ಕನ್ನಡ, ದಖ್ಖನಿ ಎರಡನ್ನೂ ಒಂದೇ ಬಾಯಲ್ಲಿ ಕಲಸಿ ಆಡುವ ಮುದುಕರು. ಬ್ಯಾಟರಿ ಮುಟ್ಟುವ ಮೊದಲು ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಳ್ಳುವುದು ಅವರ ಪದ್ಧತಿ. ಹರೆಯದಲ್ಲಿ ಒಮ್ಮೆ ಉಂಗುರವು ಪಾನಾಕ್ಕೂ ಬ್ಯಾಟರಿ ತುದಿಗೂ ನಡುವೆ ಸಿಕ್ಕು, ಕಣ್ಣು ಮಿಟುಕಿಸುವುದರಲ್ಲಿ ಕೆಂಪಗೆ ಕಾದು, ಬೆರಳ ಸುತ್ತ ಉಂಗುರದ ಗುರುತನ್ನೇ ಬರೆದುಬಿಟ್ಟಿತ್ತು. ಆ ಬೆರಳನ್ನು ಎತ್ತಿ ತೋರಿಸಿ ನನಗೆ ಹೇಳುತ್ತಿದ್ದರು: 'ಬೇಟಾ, ಬ್ಯಾಟ್ರಿ ಗೂಂಗಿ ಹೈ, ಮುರ್ದಾ ನಹೀ. ಮೂಕಿ ಅದ, ಸತ್ತಿಲ್ಲ.' ನಾನು ಅವರ ಬೆನ್ನ ಹಿಂದೆ ನಿಂತು ಅದೇ ಬೆರಳು ಎತ್ತಿ ಅದೇ ಮಾತನ್ನು ಅಣಕಿಸಿ ಗಿರಾಕಿಗಳನ್ನು ನಗಿಸುತ್ತಿದ್ದೆ. ಅವರು ತೀರಿಕೊಂಡ ಮೇಲೂ ಆ ಅಣಕು ನಿಲ್ಲಲಿಲ್ಲ. ಅದು ನಿಂತದ್ದು ಕಮಲಾಪುರದ ಹತ್ತಿರ, ಒಂದು ಬಾಳೆಹಣ್ಣಿನ ಕೋಣೆಯ ಬಾಗಿಲಲ್ಲಿ. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಕಮಲಾಪುರದಿಂದ ಒಳಗೆ, ಕೆಂಪು ಬಾಳೆಯ ತೋಟಗಳ ನಡುವೆ ಹನ್ನೊಂದು ಮನೆಗಳ ಒಂದು ಸಣ್ಣ ಊರು. ಅಲ್ಲಿಗೆ ಕರೆಂಟಿನ ಕಂಬ ಬಂದಿತ್ತು, ತಂತಿ ಬಂದಿರಲಿಲ್ಲ. ಕಂಬಗಳಿಗೆ ಎಮ್ಮೆ ಕಟ್ಟುತ್ತಿದ್ದರು. ಒಂದು ಸಂಸ್ಥೆಯವರು ಆ ಊರಿಗೆ ಸೋಲಾರ್ ಹಾಕಲು ಮುಂದೆ ಬಂದರು. ಮಾಳಿಗೆಯ ಮೇಲೆ ಹಲಗೆಗಳು, ಕೆಳಗೆ ಸಾಲಾಗಿ ಜೋಡಿಸಿದ ನಾಲ್ಕು ದೊಡ್ಡ ಬ್ಯಾಟರಿ, ಅಲ್ಲಿಂದ ಮನೆಮನೆಗೆ ತಂತಿ. ಪೇಟೆಯ ಕರೆಂಟಿನ ಗೊಡವೆಯೇ ಇಲ್ಲ, ಬ್ಯಾಟರಿಯ ಕರೆಂಟೇ ನೇರವಾಗಿ ಊರೆಲ್ಲ ಓಡಾಡಬೇಕು. ಹನ್ನೆರಡರ ನಾಲ್ಕು ಸೇರಿ ನಲವತ್ತೆಂಟು ವೋಲ್ಟು. ಈ ಕೆಲಸಕ್ಕೆ ಬ್ಯಾಟರಿ ಬಲ್ಲವನು ಬೇಕೆಂದು ಹುಡುಕಿದರು. ನನ್ನ ಹೊರತು ಯಾರು ಸಿಗಬೇಕು?

ಬ್ಯಾಟರಿ ಇಡಲು ಬೀಗ ಹಾಕುವ ಗಟ್ಟಿ ಕೋಣೆ ಬೇಕಾಗಿತ್ತು. ಆ ಊರಿನಲ್ಲಿ ಅಂಥದ್ದು ಒಂದೇ ಇತ್ತು, ಒಬ್ಬ ಹೆಣ್ಣುಮಗಳು ಬಾಳೆಗೊನೆ ಹಣ್ಣು ಮಾಡುವ ಕೋಣೆ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಅವಳು ನನ್ನನ್ನು ತಮ್ಮಾ ಎನ್ನುತ್ತಿದ್ದಳು. ಗಂಡ ಇಲ್ಲದ ಮೇಲೆ ಆ ಕೋಣೆಯೇ ಅವಳ ದುಡಿಮೆ. ಸುತ್ತಲಿನ ತೋಟಗಳಿಂದ ಗೊನೆ ತಂದು, ಹುಲ್ಲು, ಒಣ ಬಾಳೆಲೆ ಹೊದಿಸಿ ಹಣ್ಣು ಮಾಡಿ, ಟೆಂಪೋ ಹಿಡಿದು ಕಲಬುರಗಿಗೆ ಒಯ್ಯುತ್ತಿದ್ದಳು. ಆದರೆ ಮನೆ ಪಾಲಾದಾಗ ಆ ಕೋಣೆ ಮಾತ್ರ ಪಾಲಾಗಿರಲಿಲ್ಲ. ಅದರ ಮೇಲೆ ಅವಳ ಮೈದುನನಿಗೂ ಹಕ್ಕಿತ್ತು. ಹತ್ತಿಕಾಳು, ದನಗಳಿಗೆ ಜೋಳದ ಕಣಿಕೆ ತುಂಬಲು ಅವನಿಗೂ ಅದು ಬೇಕಾಗಿತ್ತು. ನಾಲ್ಕು ಮಂದಿ ಹಿರಿಯರ ಮಾತಿಗೆ ಸುಮ್ಮನಿದ್ದ, ಅಷ್ಟೇ.

ಬ್ಯಾಟರಿ ಇಡಲು ಅಕ್ಕ ಒಪ್ಪಿದ ದಿನ ಅವನು ಎಲ್ಲರ ಎದುರಿಗೆ ಹೇಳಿದ: 'ವೈನೀ, ನೀವು ಇಡ್ತೀರಿ, ಇಡ್ರಿ. ಆದ್ರ ಈ ಖೋಲಿಯಾಗ ಬೆಂಕಿ-ಗಿಂಕಿ ಏನರೆ ಆತಂದ್ರ, ಮರುದಿನ ಖೋಲಿ ನಂದು. ಹಿರ್ಯಾರು ಕೇಳಾಕತ್ತೀರಿ ಹೌದಲ್ಲೋ?'

'ಕೇಳ್ಯಾರ,' ಎಂದಳು ಅಕ್ಕ. 'ನಾನೂ ಕೇಳೀನಿ. ಏನೂ ಆಗಂಗಿಲ್ಲ.'

ಮೊದಲು ಅವಳು ಕೋಣೆಯ ಮೂಲೆಯಲ್ಲಿ ಸೆಗಣಿ ಕುಳ್ಳಿನ ಹೊಗೆ ಹಾಕಿ ಹಣ್ಣು ಮಾಡುತ್ತಿದ್ದಳು. ಚಾರ್ಜಾಗುವ ಬ್ಯಾಟರಿಯಿಂದ ಗ್ಯಾಸು ಏಳುತ್ತದೆ, ಹತ್ತಿರ ಬೆಂಕಿ ಕೂಡದು ಎಂದು ತಿಳಿಸಿದ ಮೇಲೆ ಹೊಗೆ ಬಿಟ್ಟಳು. ಬರೀ ಹುಲ್ಲಿನ ಕಾವಿಗೆ ಹಣ್ಣಾಗಲು ಎರಡು ದಿನ ಹೆಚ್ಚು ಬೇಕು. ಊರಿಗೆ ಬೆಳಕು ಬರುತ್ತದೆ ಎಂದು ಅವಳು ಆ ಎರಡು ದಿನ ಬಿಟ್ಟುಕೊಟ್ಟಳು.

ಸಂಸ್ಥೆಯಿಂದ ಬಂದ ಇಂಜಿನಿಯರು ಒಬ್ಬ ಹೆಣ್ಣುಮಗಳು, ನನ್ನ ಅರ್ಧ ವಯಸ್ಸು. ಬಂದವಳೇ ನನ್ನ ಕೈಗೆ ಒಂದು ಡಬ್ಬಿ ಕೊಟ್ಟಳು. ಒಳಗೆ ಬಿಳಿ ಪಿಂಗಾಣಿಯ ಸಣ್ಣ ಸಣ್ಣ ಕೊಳವೆಗಳು, ಎರಡೂ ತುದಿಗೆ ತಗಡಿನ ಟೊಪ್ಪಿಗೆ.

'ಇವು ಫ್ಯೂಜ್ ರೀ. ಒಂದೊಂದು ಮನಿ ಲೈನಿಗೆ ಒಂದೊಂದು. ಒಂದು ಮನ್ಯಾಗ ತಂತಿ ಕೂಡಿದ್ರ ಆ ಮನಿದಷ್ಟೇ ಹೋಗ್ಬೇಕು, ಊರೆಲ್ಲ ಕತ್ತಲಾಗಬಾರ್ದು. ಇವುಗಳ ಬದ್ಲಿ ತಂತಿ ಎಳಿ ಕಟ್ಟಬ್ಯಾಡ್ರಿ.'

ನಾನು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದೆ. ಒಳಗೆ ಏನೋ ತುಂಬಿದಂತೆ ಭಾರ. 'ಏನಿದ್ರಿ ಮೇಡಂ, ಒಳಗ?'

'ಉಸುಕು.'

'ಉಸುಕ?! ಕರೆಂಟ್ ಹೂಳಾಕತ್ತೀರೇನ್ರಿ? ಮೂರನೇ ದಿನಕ್ಕ ಹಾಲು-ತುಪ್ಪಾನೂ ಬಿಡೋಣ!'

ಅಲ್ಲಿದ್ದವರೆಲ್ಲ ನಕ್ಕರು. ಅವಳೂ ನಕ್ಕಳು, ಆದರೆ ಮಾತು ಬಿಡಲಿಲ್ಲ. 'ಹೂಳಾಕೇ ರೀ. ಪ್ಯಾಟಿ ಕರೆಂಟ್ ಒಂದು ಸೆಕೆಂಡಿನಾಗ ಎಷ್ಟೋ ಸಲ ನಿಂತು ನಿಂತು ಹರೀತದ. ಕಿಡಿ ಹತ್ತಿದ್ರೂ ಅದು ನಿಂತಾಗ ಆರ್ತದ. ಬ್ಯಾಟ್ರಿ ಕರೆಂಟ್ ನಿಲ್ಲಂಗೇ ಇಲ್ಲ. ಕಿಡಿ ಹತ್ತಿತಂದ್ರ ಹತ್ತಿಕೊಂಡೇ ಇರ್ತದ. ಅದರ ಮ್ಯಾಲ ಉಸುಕು ಬಿದ್ರೇ ಆರೋದು.'

ಅದು ಸರಿಯಾದ ಮಾತು. ಇಪ್ಪತ್ತು ವರ್ಷ ಕಿಡಿ ಹಾರಿಸಿದ ನನಗೆ ಅದು ಹೊಳೆದಿರಲಿಲ್ಲ, ಯಾಕೆಂದರೆ ನಾನು ಪಾನಾ ತಾಗಿಸಿ ಕೂಡಲೇ ಕಿತ್ತುಕೊಳ್ಳುತ್ತಿದ್ದೆ. ಆದರೆ ಇಪ್ಪತ್ತು ವರ್ಷದ ಅನುಭವದವನು ಇಪ್ಪತ್ತರ ಹುಡುಗಿಯ ಮುಂದೆ 'ಹೌದಾ?' ಎನ್ನುವುದುಂಟೆ? 'ಗೊತ್ತದ, ಗೊತ್ತದ' ಎಂದೆ.

ಅವಳು ಇನ್ನೂ ಒಂದು ಸಾಮಾನು ಹಾಕಿಸಿದಳು. ಬ್ಯಾಟರಿಯಿಂದ ಹೊರಟ ದಪ್ಪ ತಂತಿ ಊರಿಗೆ ಹೋಗುವ ಮೊದಲು ಕೋಣೆಯ ಹೊರಗೋಡೆಗೆ ಬಂದು, ಒಂದು ಕಬ್ಬಿಣದ ಪೆಟ್ಟಿಗೆಯೊಳಗೆ ಹೊಕ್ಕು, ಮತ್ತೆ ಕೋಣೆಯೊಳಗಿನ ಫ್ಯೂಜು-ಬಟನ್ನುಗಳ ಬೋರ್ಡಿಗೆ ಬರಬೇಕು. ಪೆಟ್ಟಿಗೆಗೆ ಒಂದು ದಪ್ಪ ಹಿಡಿಕೆ. ಕೆಳಗೆ ಎಳೆದರೆ ಒಳಗೆ ತಾಮ್ರದ ನಾಲಗೆಗಳು ದೂರ ಸರಿದು, ಎಲ್ಲ ಬಂದ್. ಅಕ್ಕನನ್ನು ಕರೆದು ಅವಳ ಕೈಯನ್ನು ಹಿಡಿಕೆಯ ಮೇಲೆ ಇಡಿಸಿ ಹೇಳಿದಳು: 'ಅಮ್ಮಾ, ಒಳಗ ಏನರೆ ವಾಸನಿ ಬಂತು, ಬೆಳಕು ಕಂಡ್ತು, ಸಪ್ಪಳ ಕೇಳ್ತು, ಒಳಗ ಹೋಗಬ್ಯಾಡ್ರಿ. ಯಾರನ್ನೂ ಕೇಳಬ್ಯಾಡ್ರಿ. ಮೊದಲ ಇದು ಎಳೀರಿ.'

ಅಕ್ಕ ಅಂದಿನಿಂದ ಬೆಳಿಗ್ಗೆ ಅಂಗಳ ಸಾರಿಸಿದ ಮೇಲೆ ಆ ಪೆಟ್ಟಿಗೆಗೆ ಮೂರು ಬೆರಳು ವಿಭೂತಿ ಎಳೆಯುತ್ತಿದ್ದಳು. ಒಮ್ಮೆ ಹಿಡಿಕೆ ಕೆಳಗೆ ಎಳೆದು, ಮತ್ತೆ ಮೇಲೆ ತಳ್ಳುತ್ತಿದ್ದಳು. 'ಯಕ್ಕಾ, ಇದಕ್ಕ ಒಂದು ಕಾಯೀನೂ ಒಡಿ' ಎಂದು ನಾನು ಕಾಡುತ್ತಿದ್ದೆ.

'ಒಡೀತೀನಿ ಬಿಡು. ನಿನ್ನ ತಲಿ ಆಗಬಹುದೇನು?'

ಬೆಳಕು ಹಚ್ಚುವ ದಿನ ಊರೆಲ್ಲ ಅಂಗಳದಲ್ಲಿ ಸೇರಿತ್ತು. ಮೈದುನ ಮಾತ್ರ ದೂರ ನಿಂತಿದ್ದ, ಕರೆಂಟಿಗೆ ಬಲು ಹೆದರುವ ಮನುಷ್ಯ. ನನ್ನ ಕೈ ತುರಿಸಿತು. ಎರಡು ತಂತಿಯ ತುದಿ ಸುಲಿದು, ತಾಗಿಸಿ ಕಿಡಿ ಹಾರಿಸಿ, ಆಮೇಲೆ ಅವೇ ತುದಿಗಳನ್ನು ಒಣ ಕೈಯಲ್ಲಿ ಹಿಡಿದು ಕುಣಿದೆ. ಆಮೇಲೆ ಅವನ ಹತ್ತಿರ ಹೋದೆ.

'ಅಣ್ಣಾ, ಹಿಡೀರಿ.'

'ಬ್ಯಾಡ್ರಿ. ನಂಗ ಚಾಷ್ಟಿ ಸೇರಂಗಿಲ್ಲ.'

'ಹೆಣ್ಮಕ್ಳು ನೋಡಾಕತ್ತಾರ!'

ಇನ್ನೇನು ಮಾಡಿಯಾನು? ಹಿಡಿದ. ಹಿಡಿಯುವ ಕ್ಷಣಕ್ಕೆ ನಾನು ಅವನ ಕಿವಿಯಲ್ಲಿ 'ಢಂ!' ಎಂದು ಕಿರುಚಿದೆ. ಅವನು ಧೋತರ ಸಮೇತ ಸೆಗಣಿಯ ಬುಟ್ಟಿಯಲ್ಲಿ ಕೂತ. ಊರು ಬಿದ್ದು ಬಿದ್ದು ನಕ್ಕಿತು. ನಾನು ಕೈ ಎತ್ತಿ ಸಾರಿದೆ: 'ನೋಡಿದ್ರ್ಯಾ? ಇದು ಕಡಿಯಂಗಿಲ್ಲ! ಇದು ಆಕಳಾ!'

ಆ ಒಂದು ಮಾತನ್ನು ಊರು ಚೆನ್ನಾಗಿ ಕಲಿತುಕೊಂಡಿತು. ಮುಂದಿನ ತಿಂಗಳು ಬ್ಯಾಟರಿಗೆ ನೀರು ಹಾಕಲು ಹೋದಾಗ ನೋಡುತ್ತೇನೆ, ತಂತಿಯ ಮೇಲೆ ಕುಪ್ಪಸ ಒಣಗಿಸಿದ್ದಾರೆ. ಒಬ್ಬನು ತಂತಿ ಸುಲಿದು ರೇಡಿಯೋ ಸಿಕ್ಕಿಸಿದ್ದ. ಅದು ಸುಟ್ಟು ಅವನು ಅಳುತ್ತಿದ್ದ. ನಾನು ನಕ್ಕೆ. ಆಕಳ ಬಾಲ ಜಗ್ಗಿದರೆ ಏನಾಯಿತು?

ಮೈದುನನಿಗೆ ನನ್ನ ಮೇಲೆ ಸಿಟ್ಟಿತ್ತು. ಅದನ್ನು ಆರಿಸಲು ನಾನೊಂದು ಉದಾರಬುದ್ಧಿ ತೋರಿದೆ. ಅವನ ದನದ ಕೊಟ್ಟಿಗೆಗೆ ದೀಪ ಇರಲಿಲ್ಲ. 'ನಾ ಎಳ್ಕೊಡ್ತೀನಿ, ಯಾರಿಗೂ ಹೇಳಬ್ಯಾಡ್ರಿ' ಎಂದೆ. ಕೋಣೆಯೊಳಗಿನ ಬೋರ್ಡಿನಿಂದ ಒಂದು ಹೆಚ್ಚಿನ ಲೈನು ಎಳೆದೆ. ಇಂಜಿನಿಯರು ಕೊಟ್ಟ ಫ್ಯೂಜು ಎಣಿಸಿ ಕೊಟ್ಟದ್ದು, ಒಂದು ಕಡಿಮೆಯಾದರೆ ಕೇಳುತ್ತಾಳೆ. ಹಾಗಾಗಿ ಅಂಗಡಿಯಿಂದ ಮನೆಗಳಲ್ಲಿ ಹಾಕುವ ಮಾಮೂಲಿ ಫ್ಯೂಜು ತಂದು, ತಂತಿಯ ಒಂದು ಎಳೆ ಕಟ್ಟಿದೆ. ಮನೆಗೋಡೆಗೆ ಹಾಕುವ ಮಾಮೂಲಿ ಬಟನ್ನೇ ಕೂರಿಸಿದೆ. ಅವಳು ತಂದ ಬಟನ್ನು ಖಟ್ ಎಂದು ಎತ್ತಿನ ಒದೆಯಂತೆ ಬೀಳುತ್ತಿತ್ತು, ನನ್ನದು ಬೆಣ್ಣೆಯಂತೆ.

'ಎಳಿ ಹೋದ್ರ?' ಎಂದು ಮೈದುನ ಕೇಳಿದ.

'ಇನ್ನೊಂದು ಎಳಿ ಕಟ್ರಿ. ಅದಕ್ಕೇನು ಪೂಜಾರಿ ಬೇಕಾ?'

ಆ ಊರಿನಲ್ಲಷ್ಟೇ ಅಲ್ಲ, ನಮ್ಮ ಕಡೆ ಎಲ್ಲೆಡೆಯೂ ಇದೇ ಪದ್ಧತಿ. ಫ್ಯೂಜು ಹೋಯಿತೆಂದರೆ ತಂತಿಯ ಒಂದು ಎಳೆ ಕಟ್ಟುವುದು. ಮತ್ತೆ ಹೋಯಿತೆಂದರೆ ಎರಡು ಎಳೆ. ಹೋಗದಿರುವ ಫ್ಯೂಜೇ ಒಳ್ಳೆಯ ಫ್ಯೂಜು ಎಂದು ನಂಬಿದವರು ನಾವು. ಹೋಗುವುದೇ ಅದರ ಕೆಲಸ ಎಂದು ಯಾರು ಹೇಳಬೇಕಿತ್ತು? ನಾನೇ ಹೇಳಬೇಕಿತ್ತು.

ಪ್ರತಿ ತಿಂಗಳು ಹೋಗುತ್ತಿದ್ದೆ. ಕಲಬುರಗಿಯಿಂದ ಬಸ್ಸು, ಮಹಾಗಾಂವದಲ್ಲಿ ಒಂದು ಚಹಾ, ಕಮಲಾಪುರದಲ್ಲಿ ಇಳಿದು ಯಾರದಾದರೂ ಬೈಕಿನ ಹಿಂದೆ. ಹೋದಾಗಲೆಲ್ಲ ಅಕ್ಕನ ಮೇಲೆ ಒಂದು ಆಟ ಇರಲೇಬೇಕು. ಕೋಣೆಯೊಳಗಿಂದ 'ಯಕ್ಕಾ! ಬೆಂಕಿ!' ಎಂದು ಕೂಗುವುದು, ಅವಳು ಹಿಟ್ಟಿನ ಕೈಯಲ್ಲೇ ಓಡಿ ಬರುವುದು, ನಾನು ಹಲ್ಲು ಕಿರಿಯುವುದು. ಮೂರನೆಯ ಸಲ ಅವಳು ಕಲಿತಳು. ಆಮೇಲೆ ಅವಳೇ ನನ್ನ ಮೇಲೆ ಆ ಆಟ ಹೂಡತೊಡಗಿದಳು. ನಾನು ಊಟಕ್ಕೆ ಕೂತಾಗ ಹೊರಗಿನಿಂದ 'ತಮ್ಮಾ, ಬೆಂಕಿ ಹತ್ತೇದ ಬಾರೋ!' ಎನ್ನುವುದು. ನಾನು ರೊಟ್ಟಿ ಬಿಟ್ಟು ಓಡಿದರೆ, ಅವಳು ಒಲೆ ತೋರಿಸುವುದು.

ಆ ದಿನವೂ ಹಾಗೇ ಆಯಿತು. ಮಟಮಟ ಮಧ್ಯಾಹ್ನ. ಬಿಸಿಲು ಭರ್ತಿ, ಬ್ಯಾಟರಿಗಳು ತುಂಬಿ ಕೂತಿದ್ದವು. ನೀರು ಹಾಕಿ ಮುಗಿಸಿ, ಅಕ್ಕನ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದೆ. ಅಕ್ಕ ಗೊನೆ ತಿರುವಿ ಹಾಕಲು ಕೋಣೆಗೆ ಹೋಗಿದ್ದಳು.

'ತಮ್ಮಾ! ಬಟನ್ ಬಂದ್ ಮಾಡೀನಿ, ಬಂದ್ ಆಗವಲ್ದು! ಒಳಗ ಉರೀಲಾಕತ್ತದ!'

ಭಲೇ, ಹೊಸ ಮಾತು ಕಟ್ಟಿದ್ದಾಳೆ ಎಂದುಕೊಂಡೆ. 'ಆಹಾ,' ಎಂದೆ. 'ಇನ್ನೊಂದ್ಸಲ ಜೋರಾಗಿ ಅನ್ನು, ನಂಬ್ತೀನಿ.'

'ಏ ಹುಚ್ಚಾ, ಖರೇನ!'

'ಖರೇ ಇದ್ರ ಆರಿಸು, ನಾ ಹಣ್ಣು ತಿನ್ನಾಕತ್ತೀನಿ.'

ಒಂದು ತುತ್ತು ತಿಂದೆ. ಎರಡನೆಯ ತುತ್ತಿಗೆ ಬಾಯಿ ತೆರೆದಾಗ ವಾಸನೆ ಬಂತು. ಒಲೆಯದಲ್ಲ, ಹುಲ್ಲಿನದೂ ಅಲ್ಲ. ಬಟನ್ನು ಕರಗುವ ಆ ವಾಸನೆ ನನಗೆ ಗೊತ್ತಿಲ್ಲದೆ ಯಾರಿಗೆ ಗೊತ್ತು?

ಓಡಿದೆ. ಕೋಣೆಯ ಬಾಗಿಲಿನಿಂದ ಕಂಡದ್ದು: ನಾನು ಕೂರಿಸಿದ ಬೆಣ್ಣೆಯಂಥ ಬಟನ್ನಿನೊಳಗೆ ಒಂದು ನೀಲಿ ಬೆಳಕು ಕೂತಿತ್ತು. ನಾನು ಜೀವಮಾನವೆಲ್ಲ ಹಾರಿಸಿದ ಕಿಡಿಗಳು ಚಟ್ ಎಂದು ಹಾರಿ ಸಾಯುವಂಥವು. ಇದು ಸಾಯುತ್ತಿರಲಿಲ್ಲ. ಬಟನ್ನು ಬಂದ್ ಆಗಿತ್ತು, ಆದರೆ ಒಳಗಿನ ಎರಡು ತಾಮ್ರದ ತುದಿಗಳ ನಡುವಿನ ಆ ಸಣ್ಣ ಸಂದಿಯಲ್ಲಿ ಬೆಳಕು ಸೇತುವೆ ಕಟ್ಟಿಕೊಂಡು, ಬಾಣಲೆಯಲ್ಲಿ ಎಣ್ಣೆ ಕಾದಂತೆ ಚುರುಗುಡುತ್ತಾ ನಿಂತಿತ್ತು. ಕರಗಿದ ಬಟನ್ನು ಹನಿಹನಿಯಾಗಿ ಕೆಳಗೆ ತೊಟ್ಟಿಕ್ಕುತ್ತಿತ್ತು. ಕೆಳಗೆ ಒಣ ಬಾಳೆಲೆ, ಹುಲ್ಲು, ಅದರಡಿಯಲ್ಲಿ ಅವಳ ಗೊನೆಗಳು. ಒಂದು ಎಲೆಯ ಅಂಚು ಆಗಲೇ ಕರ್ರಗೆ ಮುರುಟಿತ್ತು.

ನನ್ನ ಒಂದು ಕೈಯಲ್ಲಿ ಅರ್ಧ ಬಾಳೆಹಣ್ಣು, ಇನ್ನೊಂದು ಕೈ ಪಾನಾಕ್ಕಾಗಿ ಜೇಬು ತಡಕುತ್ತಿತ್ತು. ಬ್ಯಾಟರಿಯ ತುದಿ ಬಿಚ್ಚಬೇಕು ಎಂದು ತಲೆಗೆ ಬಂದದ್ದು ಅಷ್ಟೇ. ತುಂಬಿದ ಬ್ಯಾಟರಿ, ಮೇಲೆ ಗ್ಯಾಸು, ಅಲ್ಲಿ ಇನ್ನೊಂದು ಕಿಡಿ ಹಾರಿಸಲು ಹೊರಟಿದ್ದೆ. ಇಪ್ಪತ್ತು ವರ್ಷದ ವಿದ್ಯೆ!

ಆಗ ನನ್ನ ಬೆನ್ನ ಹಿಂದೆ ಖಡ್ ಎಂದಿತು. ನೀಲಿ ಬೆಳಕು ಕಾಣೆಯಾಯಿತು, ಚುರುಗುಟ್ಟುವುದು ನಿಂತಿತು. ತಿರುಗಿ ನೋಡಿದರೆ ಅಕ್ಕ ಹೊರಗೋಡೆಯ ಪೆಟ್ಟಿಗೆಯ ಹಿಡಿಕೆ ಹಿಡಿದು ನಿಂತಿದ್ದಳು. ಅವಳ ಬೆರಳಿಗೆ ವಿಭೂತಿ ಮೆತ್ತಿತ್ತು. ನನ್ನನ್ನು ಕೂಗಿ, ನಾನು ಏಳದೆ ಹೋದಾಗ, ದಿನಾ ಬೆಳಿಗ್ಗೆ ಮಾಡುವುದನ್ನೇ ಮಾಡಿದ್ದಳು.

'ಹಣ್ಣು ತಿಂದಾತೇನು?' ಎಂದಳು.

ನಾವಿಬ್ಬರೂ ಮುರುಟಿದ ಎಲೆ ಹೊರಗೆಳೆದು ತುಳಿದೆವು. ಗೊನೆಗಳಿಗೆ ಏನೂ ಆಗಿರಲಿಲ್ಲ. ಗೋಡೆಯ ಮೇಲೆ ಅಂಗೈಯಗಲ ಮಸಿ ಮಾತ್ರ. ಆದರೆ ವಾಸನೆಗೆ ಬೀಗ ಹಾಕಲಾಗುವುದಿಲ್ಲವಲ್ಲ. ಮಂದಿ ಕೂಡಿತು, ಮೈದುನನೂ ಬಂದ. ಮಸಿ ನೋಡಿದವನೇ ಹಿರಿಯರನ್ನು ಕರೆಯಲು ಹೋದ.

ಅವನು ಹೋದಾಗ ನಾನು ಕಾರಣ ಹುಡುಕಿದೆ. ಕೊಟ್ಟಿಗೆಯ ಲೈನು ತಗಡಿನ ಅಂಚಿನ ಮೇಲೆ ಹಾದು ಹೋಗಿತ್ತು. ಗಾಳಿಗೆ ಉಜ್ಜಿ ಉಜ್ಜಿ ತಂತಿಯ ಮೈ ಸುಲಿದು, ಎರಡೂ ತಂತಿ ಕೂಡಿದ್ದವು. ಆ ಲೈನಿನಲ್ಲಿ ಮಿತಿಮೀರಿ ಹರಿದ ಕರೆಂಟಿನಿಂದ ಬಟನ್ನು ಸುಡುವಷ್ಟು ಬಿಸಿಯಾಗಿತ್ತು. ವಾಸನೆ ಬಂದು ಅಕ್ಕ ಬಂದ್ ಮಾಡಲು ಅದನ್ನು ಒತ್ತಿದ್ದಳು. ಹಾಗಾದರೆ ಫ್ಯೂಜು ಏಕೆ ಹೋಗಲಿಲ್ಲ? ತೆಗೆದು ನೋಡಿದೆ. ನಾನು ಕಟ್ಟಿದ್ದು ಒಂದು ಎಳೆ. ಅಲ್ಲಿ ಇದ್ದದ್ದು ಎರಡು, ಎರಡನೆಯದು ಟ್ರ್ಯಾಕ್ಟರಿನ ತಂತಿಯ ದಪ್ಪ ಎಳೆ. ಆ ಊರಿನಲ್ಲಿ ಟ್ರ್ಯಾಕ್ಟರು ಇದ್ದದ್ದು ಒಂದೇ ಮನೆಯಲ್ಲಿ. ಫ್ಯೂಜನ್ನು ಜೇಬಿಗೆ ಹಾಕಿಕೊಂಡೆ.

ಹಿರಿಯರು ಕಟ್ಟೆಯ ಮೇಲೆ ಕೂತರು. ಮೈದುನ ನಿಂತೇ ಮಾತಾಡಿದ: 'ಅವತ್ತ ಆಡಿದ ಮಾತು ಎಲ್ಲಾರೂ ಕೇಳೀರಿ. ನಾ ಏನು ಹೊಸದು ಕೇಳಾಕತ್ತಿಲ್ಲ. ಖೋಲಿ ಖಾಲಿ ಆಗ್ಲಿ.'

ಹಿರಿಯರು ಅಕ್ಕನ ಕಡೆ ನೋಡಿದರು. ಅವಳು ಸೆರಗಿನಿಂದ ಬೆರಳು ಒರೆಸಿಕೊಳ್ಳುತ್ತಿದ್ದಳು. 'ಮಾತು ಕೊಟ್ಟೀನಿ,' ಎಂದಳು. 'ಗೊನಿ ಹೊರಗ ತರ್ತೀನಿ. ಎಲ್ಲಿ ಇಡ್ಲಿ ಅಂತ ಆಮ್ಯಾಲ ನೋಡೋಣ. ಆದ್ರ ಯಾಕ ಆತು ಅಂತ ಒಬ್ಬಾವ ಹೇಳ್ಲಿ. ತಮ್ಮಾ, ನೀ ಹೇಳು. ಚಾಷ್ಟಿ ಮಾಡಬ್ಯಾಡ.'

ಜೇಬಿನಲ್ಲಿ ಫ್ಯೂಜು ಇನ್ನೂ ಬೆಚ್ಚಗಿತ್ತು. ತೆಗೆದು ಎತ್ತಿ ಹಿಡಿದು, 'ಟ್ರ್ಯಾಕ್ಟರ್ ಎಳಿ ಯಾರ ಮನಿದು?' ಎಂದಿದ್ದರೆ ಊರು ಇನ್ನೊಮ್ಮೆ ಬಿದ್ದು ಬಿದ್ದು ನಗುತ್ತಿತ್ತು. ಕೋಣೆಯೂ ಅಕ್ಕನಿಗೇ ಉಳಿಯುತ್ತಿತ್ತು. ಅಂಥ ಅವಕಾಶ ನನ್ನಂಥವನಿಗೆ ಜನ್ಮಕ್ಕೊಮ್ಮೆ ಸಿಗುವುದು. ಮೈದುನ ನನ್ನ ಜೇಬನ್ನೇ ನೋಡುತ್ತಿದ್ದ. ಅವನ ಮುಖ ನೋಡಿದೆ. ಅಂದು ತಂತಿ ಹಿಡಿಯುವ ಮೊದಲು ಇದ್ದ ಮುಖವೇ.

ಎರಡು ಎಳೆ ಕಟ್ಟಲು ಅವನಿಗೆ ಕಲಿಸಿದವನು ಯಾರು? ಹೆದರುತ್ತಿದ್ದ ಮನುಷ್ಯನನ್ನು ಹೆದರಬೇಡ ಎಂದು ಸೆಗಣಿಯಲ್ಲಿ ಕೂರಿಸಿದವನು ಯಾರು?

'ಆ ಲೈನ್ ಎಳೆದಾವ ನಾನು,' ಎಂದೆ. 'ಮೇಡಂಗೆ ಹೇಳ್ದ ಕದ್ದು ಎಳೆದೆ. ಅವರು ಕೊಟ್ಟ ಬಟನ್ ಬಿಟ್ಟು ನನ್ನ ಬಟನ್ ಹಾಕ್ದೆ. ಉಸುಕಿನ ಫ್ಯೂಜ್ ಬಿಟ್ಟು ಎಳಿ ಕಟ್ಟಿದೆ. ಹೋದ್ರ ಇನ್ನೊಂದು ಕಟ್ರಿ ಅಂತ ಹೇಳಿದಾವನೂ ನಾನು. ಇದು ಕಡಿಯಂಗಿಲ್ಲ ಅಂತ ಕುಣಿದು ಹೇಳ್ದೆ, ಸುಡ್ತದ ಅಂತ ಹೇಳಲಿಲ್ಲ. ಮೇಡಂ ಹಾಕಿದ ಹನ್ನೊಂದು ಲೈನಿನಾಗ ಒಂದಕ್ಕರೆ ಏನರೆ ಆಗ್ಯದೇನು? ಸುಟ್ಟಿದ್ದು ನನ್ನ ಲೈನ್. ಆರಿಸಿದ್ದು ಅಕ್ಕ. ಖೋಲಿ ಏನು ಮಾಡ್ಯದ?'

ಯಾರೂ ನಗಲಿಲ್ಲ. ನಾನು ಮಾತಾಡಿ ಮುಗಿಸಿದಾಗ ಯಾರೂ ನಗದೆ ಇದ್ದದ್ದು ಅದೇ ಮೊದಲು. ಹಿರಿಯರಲ್ಲಿ ಒಬ್ಬರು ಕೆಮ್ಮಿ, 'ಮತ್ತ ಮುಂದ ಹಿಂಗ ಆಗಂಗಿಲ್ಲ ಅಂತ ಹೆಂಗ ನಂಬೋದು?' ಎಂದರು.

'ಒಂದು ವಾರ ಕೊಡ್ರಿ. ತೋರಸ್ತೀನಿ.'

ಮರುದಿನವೇ ಇಂಜಿನಿಯರಿಗೆ ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಒಂದು ವಾರದ ನಂತರ ಅದೇ ಅಂಗಳದಲ್ಲಿ, ಹಗಲು ಹೊತ್ತಿನಲ್ಲಿ, ಇಬ್ಬರೂ ಸೇರಿ ಊರಿಗೆ ಒಂದು ಆಟ ತೋರಿಸಿದೆವು. ಸತ್ತ ಟಾರ್ಚು ಸೆಲ್ಲು ಒಡೆದರೆ ನಡುವೆ ಒಂದು ಕಪ್ಪು ಕಡ್ಡಿ ಸಿಗುತ್ತದೆ. ಅಂಥ ಎರಡು ಕಡ್ಡಿಗಳನ್ನು ಕಟ್ಟಿಗೆಯ ಹಿಡಿಕೆಗೆ ಕಟ್ಟಿ, ಉದ್ದನೆಯ ತೆಳು ತಂತಿಯಿಂದ ಬ್ಯಾಟರಿಗೆ ಜೋಡಿಸಿದೆ. 'ಬರೇ ಕಣ್ಣಿಲೆ ನೆಟ್ಟಗ ನೋಡಬ್ಯಾಡ್ರಿ, ನೆಲದ ಮ್ಯಾಲ ಬೀಳೋ ಬೆಳಕು ನೋಡ್ರಿ' ಎಂದು ಹೇಳಿ ತುದಿಗೆ ತುದಿ ತಾಗಿಸಿದೆ. ಆಮೇಲೆ ಮೆಲ್ಲಗೆ ದೂರ ಸರಿಸಿದೆ. ಬಿಸಿಲಿನಲ್ಲೂ ನಮಗೆ ಎರಡನೆಯ ನೆರಳು ಬೀಳುವಂಥ ಬೆಳಕು. ಕಡ್ಡಿಗಳು ಬೇರೆಯಾಗಿದ್ದವು, ಬೆಳಕು ಬಿಡಲಿಲ್ಲ. 'ಇದನ್ನ ಬಂದ್ ಮಾಡೀನಿ ನೋಡ್ರಿ. ಬಂದ್ ಆಗ್ಯದೇನು?' ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ತಂತಿಯ ಮೇಲಿನ ಕುಪ್ಪಸಗಳು ಅಂದು ಸಂಜೆಗೇ ಕಾಣೆಯಾದವು.

ಆಮೇಲೆ ಇಂಜಿನಿಯರು ಉಸುಕಿನ ಫ್ಯೂಜು ಹಾಕಿ ಬೇಕೆಂದೇ ತಂತಿ ಕೂಡಿಸಿದಳು. ಟಕ್ ಎಂದಿತು. ಅಷ್ಟೇ. ಕಿಡಿಯಿಲ್ಲ, ಹೊಗೆಯಿಲ್ಲ.

'ಇಷ್ಟೇ ಏನು?' ಎಂದ ಯಾರೋ, ಬೇಸರದಿಂದ.

'ಇಷ್ಟೇ ರೀ,' ಎಂದೆ ನಾನು. 'ಏನೂ ಕಾಣಬಾರ್ದು. ಅದೇ ಅದರ ಕೆಲಸ.' ಕಿಡಿ ತೋರಿಸಿ ಬದುಕಿದವನ ಬಾಯಿಂದ ಈ ಮಾತು ಬಂದಾಗ ಉಸ್ತಾದರ ಬೆರಳು ನೆನಪಾಯಿತು. ಆ ಉಂಗುರದ ಕಥೆಯನ್ನೂ ಊರಿಗೆ ಹೇಳಿದೆ. ಆ ಬೆರಳನ್ನು ಅಣಕಿಸಲು ಆಮೇಲೆ ಕೈ ಏಳಲೇ ಇಲ್ಲ.

ಹಿರಿಯರು ಒಪ್ಪಿದರು. ಕೊಟ್ಟಿಗೆಯ ಲೈನನ್ನು ಇಂಜಿನಿಯರು ಹೊಸದಾಗಿ ಎಳೆಸಿದಳು. ಕೋಣೆ ಅಕ್ಕನ ಕೈಯಲ್ಲೇ ಇರಲಿ, ಆದರೆ ಫ್ಯೂಜಿನ ಡಬ್ಬಿ ಬೇರೆಯವರ ಕೈಯಲ್ಲಿರಲಿ ಎಂದರು. ಯಾರ ಕೈಯಲ್ಲಿ? ನಾನು ಮೈದುನನ ಕಡೆ ಬೆರಳು ತೋರಿಸಿದೆ. ಮಂದಿ ನಕ್ಕರು.

'ಅಂವ ಅಂಜ್ತಾನ್ರಿ!'

'ಅದಕ್ಕೇ. ಅಂಜೋರ ಕೈಯಾಗೇ ಇರ್ಲಿ.'

ಫ್ಯೂಜುಗಳು ದೂರದಿಂದ ಬರುವಂಥವು, ಡಬ್ಬಿಯಲ್ಲಿ ಇದ್ದದ್ದು ಸ್ವಲ್ಪ. ಅದಕ್ಕೆ ಮೈದುನ ಒಂದು ಕಟ್ಟಳೆ ಮಾಡಿದ. ಸುಟ್ಟ ಫ್ಯೂಜು ತಂದು ಅವನ ಕೈಗೆ ಕೊಡಬೇಕು, ಹೋದಾಗ ಏನು ಮಾಡುತ್ತಿದ್ದೆ ಎಂದು ನಿಜ ಹೇಳಬೇಕು. ಆಗ ಹೊಸದು. ಸುಳ್ಳು ಹೇಳಿದರೆ ಕತ್ತಲಲ್ಲೇ ಊಟ. ಒಬ್ಬನು ತಂತಿಗೆ ಮೊಳೆ ಹೊಡೆದಿದ್ದ, ಒಬ್ಬಳು ತಂತಿಯ ಮೇಲೆ ಕಾದ ಸರಳು ಇಟ್ಟಿದ್ದಳು, ಎಲ್ಲರೂ ಅವನ ಕಟ್ಟೆಯ ಮುಂದೆ ನಿಂತು ಒಪ್ಪಿಕೊಂಡರು. ಹೀಗೆ ಒಪ್ಪಿಕೊಂಡ ಮೇಲೆ ಅವನೇ ಹೋಗಿ ಆ ತಂತಿ ನೋಡಿ ಬರುತ್ತಿದ್ದ. ಫ್ಯೂಜು ಹೋಗುವುದು ದಿನೇದಿನೇ ಕಡಿಮೆಯಾಯಿತು. ಇಂಜಿನಿಯರೇ ಬೆರಗಾದಳು. ನನಗೆ ಮಾತ್ರ ಆಗಲಿಲ್ಲ. ಅವನನ್ನು ಆರಿಸಿದವನು ಯಾರು?

ಕೆಲವು ತಿಂಗಳ ಮೇಲೆ, ಪಕ್ಕದ ಊರಿನಿಂದ ನಾಲ್ಕು ಮಂದಿ ಈ ಸೋಲಾರ್ ನೋಡಲು ಬಂದರು. ನಾನೂ ಇದ್ದೆ. ಕೈ ತುರಿಸಿತು. ವಿವರಿಸುವ ಭರದಲ್ಲಿ, ಅಕ್ಕನ ಮನೆಯ ಲೈನಿನ ಮೇಲೆ ಪಾನಾ ಕುಣಿಸಿ ಕುಣಿಸಿ... ಟಕ್. ಅಕ್ಕ ಒಲೆಯ ಮುಂದಿನಿಂದ ತಲೆ ಹೊರಹಾಕಿದಳು. 'ನನ್ನ ದೀಪ ಯಾರು ತಿಂದ್ರು?'

ಸುಟ್ಟ ಫ್ಯೂಜು ಹಿಡಿದು ಕಟ್ಟೆಯ ಮುಂದೆ ನಿಂತೆ. ಮೈದುನ ಕನ್ನಡಕ ಏರಿಸಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

'ಹೇಳ್ರಿ. ಏನು ಮಾಡಾಕತ್ತಿದ್ರಿ?'

'ತಂತಿ ಹಳೇದಾಗಿತ್ತು, ಗಾಳಿಗೆ...'

'ಗಾಳಿ ಎಲ್ಯದ?'

ಒಂದು ಎಲೆಯೂ ಅಲುಗುತ್ತಿರಲಿಲ್ಲ. 'ಜಂಬ ಮಾಡಾಕತ್ತಿದ್ದೆ,' ಎಂದೆ. 'ಮಂದಿ ಮುಂದ.'

ಅವನು ಡಬ್ಬಿ ತೆರೆದು ಒಂದು ಫ್ಯೂಜು ನನ್ನ ಅಂಗೈಯಲ್ಲಿಟ್ಟ. ಆದರೆ ಕೈ ಬಿಡಲಿಲ್ಲ. 'ಅವತ್ತ ಎರಡನೇ ಎಳಿ ಕಟ್ಟಿದಾವ ನಾನು' ಎಂದ.

'ಗೊತ್ತದ.'

'ನಿಮಗ ಗೊತ್ತದ ಅಂತ ನಂಗೂ ಗೊತ್ತಿತ್ತು. ದಿನಾ ಮಂದಿ ಕಡಿಂದ ಖರೇ ಹೇಳಸ್ತೀನಿ, ನಾ ಹೇಳಿಲ್ಲ.' ಎದ್ದು ಧೋತರ ಝಾಡಿಸಿದ. 'ವೈನಿ ಕಡೆ ಬರ್ರಿ. ಒಬ್ಬಾವ ಹೋಗಾಕ ಆಗವಲ್ದು.'

ಅಕ್ಕ ಕೋಣೆಯಲ್ಲಿ ಗೊನೆಗಳ ಮೇಲಿನ ಹುಲ್ಲು ತೆಗೆಯುತ್ತಿದ್ದಳು. ಹಣ್ಣಿನ ಸಿಹಿ ವಾಸನೆ ತುಂಬಿತ್ತು. ಗೋಡೆಯ ಮಸಿ ಹಾಗೇ ಇತ್ತು. ಅವಳು ಸುಣ್ಣ ಬಳಿದಾಗಲೂ ಅಷ್ಟು ಜಾಗ ಬಿಟ್ಟಿದ್ದಳು. ಮೈದುನ ಬಾಗಿಲ ಹೊರಗೇ ನಿಂತು, ಪೆಟ್ಟಿಗೆಯ ಮೇಲೆ ಕೈ ಇಟ್ಟುಕೊಂಡು ಹೇಳಿದ. ಎರಡು ಎಳೆ, ಟ್ರ್ಯಾಕ್ಟರಿನ ತಂತಿ, ಎಲ್ಲ. 'ಖೋಲಿ ಮಾತು ಇನ್ನ ನಾ ಎತ್ತಂಗಿಲ್ಲ ವೈನೀ. ಹಿರ್ಯಾರ ಮುಂದೂ ಹೇಳ್ತೀನಿ.'

ಅಕ್ಕ ಹುಲ್ಲು ತೆಗೆಯುವುದು ನಿಲ್ಲಿಸಲಿಲ್ಲ. 'ಹೇಳಾಕ ಇಷ್ಟು ತಿಂಗಳಾ? ನನ್ನ ಹಣ್ಣೂ ಇಷ್ಟು ಹೊತ್ತು ತಗೋಳ್ಳಂಗಿಲ್ಲ.' ಆಮೇಲೆ ನನ್ನ ಕಡೆ ತಿರುಗಿ, 'ನೀ ಯಾಕ ನಿಂತೀ? ಫ್ಯೂಜ್ ಕೊಟ್ಟಾನಲ್ಲ? ಮೊದಲ ಹಿಡಿಕಿ ಎಳಿ, ಆಮ್ಯಾಲ ಹಾಕು. ಉಂಗರ ಬಿಚ್ಚು' ಎಂದಳು.

ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡೆ.